ಇಗರ್ಜಿಯಲ್ಲಿ ‘ಬತ್ತೆ’ ಅಂದವಳು

ಜೂನ್ ತಿಂಗಳು ಬಂತೆಂದರೆ ಬೈತಖೋಲದಲ್ಲಿ ಬೋಟುಗಳಿಗೆ ರಜೆ, ಬಾಯಿಗಳಿಗೆ ಕೆಲಸ. ಆ ಸಂಜೆಯೂ ಮಳೆ ತಗಡಿನ ಮೇಲೆ ಒಂದೇ ಸಮನೆ ಸುರಿಯುತ್ತಿತ್ತು, ಕರೆಂಟು ಹೋಗಿತ್ತು, ಬಲೆ ರಿಪೇರಿಯ ಶೆಡ್ಡಿನಲ್ಲಿ ನಾಲ್ಕೈದು ಜನ ಒಂದು ಚಾರ್ಜರ್ ಲೈಟಿನ ಸುತ್ತ ಕೂತಿದ್ದರು. ಯೋಗಿತಾ ಮೊಬೈಲಿನಲ್ಲಿ ಫೋಟೊ ತೋರಿಸುತ್ತಿದ್ದಳು. ಹೋದ ವರ್ಷ, ಈಗ ಪಕ್ಕದಲ್ಲೇ ಕೂತಿದ್ದ ಗಂಡ ನಿತಿನ, ಬಿರುಗಾಳಿಗೆ ಸಿಕ್ಕ ಬೋಟಿನಿಂದ ಜೀವ ಉಳಿಸಿಕೊಂಡು ಬಂದಿದ್ದ. ಆ ಹರಕೆಯ ಮೇಣದಬತ್ತಿ ಹಚ್ಚಲು ಇಬ್ಬರೂ ಅಂದು ಮಧ್ಯಾಹ್ನ ಅಂಕೋಲೆಯಾಚೆ, ಘಟ್ಟದ ಬುಡದ ಹಳೇ ಇಗರ್ಜಿಗೆ ಹೋಗಿ ಬಂದಿದ್ದರು. ಅದಿರಿನ ಗಣಿ ಮುಚ್ಚಿ ಎಷ್ಟೋ ಕಾಲವಾದ ಊರು ಅದು. ಚಿರೆಕಲ್ಲಿನ ಗೋಡೆ, ಪಾಚಿ ಹಿಡಿದ ಶಿಲುಬೆ, ಹಿಂದೆ ಗಣಿಯ ಹೊಂಡದಲ್ಲಿ ಕೆಂಪು ನೀರು.

ಮೂಲೆಯಲ್ಲಿ ಬಲೆ ಹಿಡಿದು ಕೂತಿದ್ದ ನಾಗಿ ಅಜ್ಜಿ ಫೋಟೊ ನೋಡಲಿಲ್ಲ. ಎಪ್ಪತ್ತು ದಾಟಿದರೂ ಮೀನು ಮಾರಿದ ಗಂಟಲು ಇನ್ನೂ ಗಟ್ಟಿ.

“ಹೊರಡೂವಾಗ ಒಳಗೆ ಯಾರಿಗಾದ್ರೂ ‘ಬತ್ತೆ’ ಅಂದ್ಯೇನೆ?”

“ಇಲ್ವಲ್ಲ ಅಜ್ಜಿ,” ಎಂದಳು ಯೋಗಿತಾ.

ಅದು ಸುಳ್ಳು. ಕೊನೆಯ ಬೆಂಚಿನಲ್ಲಿದ್ದ ಹೆಂಗಸೊಬ್ಬಳು ಸರಿದು ಜಾಗ ಕೊಟ್ಟಿದ್ದಳು. ಏಳುವಾಗ ಯೋಗಿತಾ “ಬತ್ತೆ ಅಕ್ಕಾ” ಅಂದಿದ್ದಳು. ಹೊರಟವರು ‘ಹೋಗ್ತೆ’ ಅನ್ನುವುದುಂಟೆ? ಸಾವಿನ ಮನೆಯಿಂದ ಮಾತ್ರ ಏನೂ ಹೇಳದೆ ಎದ್ದು ಬರುವುದು. ಆದರೆ ಆ ಹೆಂಗಸು ತಿರುಗಿ ಕೇಳಿದ ಒಂದು ಮಾತು, ಅದಕ್ಕೆ ತಾನು ಕೊಟ್ಟ ಉತ್ತರ, ಎರಡನ್ನೂ ಮಧ್ಯಾಹ್ನದಿಂದ ಯೋಗಿತಾ ಯಾರಿಗೂ ಹೇಳಿರಲಿಲ್ಲ.

ಅಜ್ಜಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಶುರುಮಾಡಿದಳು.

“ಅದು ನಮ್ಮಪ್ಪನ ಕಾಲ. ಗಣಿ ಕೆಲ್ಸದ ಹನ್ನೊಂದು ಗಂಡಸ್ರು, ಕ್ರಿಸ್ತಾಂವ್ರೂ ಇದ್ರು, ನಮ್ಮವ್ರೂ ಇದ್ರು, ಮಳೆ ನಿಲ್ಲೂ ತನಕ ಅಂತ ಆ ಇಗರ್ಜಿ ಒಳಗೆ ಕೂತಿದ್ರು... ಗುಡ್ಡ ಜರ್ದು ಬಂತು. ಬಾಗ್ಲು ಮುಚ್ಚಿ ಹೋಯ್ತು. ಹೊರಗಿನವ್ರು ಗೋಡೆಗೆ ಬಾಯಿಟ್ಟು ಕೂಗಿದ್ರು, ‘ತಡ್ಕಳಿ, ಗುದ್ದಲಿ ತಕಂಡು ಬತ್ತೆವು’ ಅಂತ. ಅಷ್ಟರಲ್ಲಿ ಮತ್ತೆ ಜರೀತು ನೋಡಿ... ಯಾರು ಹೋಗ್ತಾರೆ? ಮೂರು ದಿನ ಯಾರೂ ಹೋಗ್ಲಿಲ್ಲ. ಒಳಗಿದ್ದವ್ರ ಕಿವಿಗೆ ಬಿದ್ದ ಕೊನೇ ಮಾತು ಎಂತದು ಹೇಳಿ? ‘ಬತ್ತೆವು.’ ಆ ಊರವ್ರು ಇವತ್ತಿಗೂ ಪೂಜೆ ಮುಗ್ದ ಮೇಲೆ ತುಟಿ ಬಿಚ್ಚೂದಿಲ್ಲ, ಸುಮ್ನೆ ಎದ್ದು ಬತ್ತಾರೆ. ಆದ್ರೆ ನಂಗೆ ಅದ್ನ ಯಾರು ಹೇಳಿದ್ರು?

“ನನ್ ಮೊಣಕಾಲು ನೋವಿಗೆ ಹರಕೆ ಹೊತ್ತು, ಮೇಣದಲ್ಲಿ ಮಾಡ್ದ ಕಾಲು ಒಪ್ಪಿಸೂಕೆ ಹೋದದ್ದು. ಇಪ್ಪತ್ತೆರಡು ಮಳೆಗಾಲ ಆಯ್ತು. ಜೊತೆಗೆ ನನ್ ತಂಗಿ ಗಂಗಿ. ಹಸಿರು ಸೀರೆ ಉಟ್ಟು, ಕೊಡೆ ಹಿಡ್ಕಂಡು ಹೊರಗೇ ನಿಂತಿತ್ತು. ಒಳಗೆ ಕೊನೇ ಬೆಂಚಲ್ಲಿ ಒಬ್ಬ ಮುದ್ಕ, ಮೈಯೆಲ್ಲ ಒದ್ದೆ, ಉಗುರಲ್ಲಿ ಕೆಂಪು ಮಣ್ಣು. ಸರ್ದು ಜಾಗ ಕೊಟ್ಟ. ಕೂತೆ. ಏಳೂವಾಗ ‘ಬತ್ತೆ ಅಜ್ಜಾ’ ಅಂದೆ. ಮನುಷ್ಯ ಅಂದ್ಮೇಲೆ ‘ಹೂಂ, ಬಾ’ ಅನ್ಬೇಕು ಅಲ್ದಾ? ಅವ ಕೇಳ್ದ... ‘ಯಾವಾಗ?’”

ಯೋಗಿತಾಳ ಕೈಯಿಂದ ಮೊಬೈಲು ಜಾರಿ ಬಲೆಯ ಮೇಲೆ ಬಿತ್ತು.

“ನನ್ ಬಾಯಿ ಸುಮ್ನಿರ್ತದ್ಯಾ? ‘ಇಗಾ, ಇಗ್ಲೇ ಬಂದೆ’ ಅಂದೆ, ನಗಾಡ್ತಾ. ಹೊಸ್ತಿಲು ದಾಟ್ದೆ. ದಾಟಿ ಕಾಲಿಟ್ಟದ್ದು ಎಲ್ಲಿ? ಇಗರ್ಜಿ ಒಳಗೇ. ಎದುರಿಗೆ ನಾ ಇಟ್ಟ ಮೇಣದ ಕಾಲು. ತಿರುಗಿ ದಾಟ್ದೆ... ಮತ್ತೆ ಒಳಗೇ. ಪಕ್ಕದ ಬಾಗ್ಲಿಂದ ಓಡ್ದೆ... ಅದೂ ಒಳಗೇ. ಒಂದೊಂದು ಸಲ ದಾಟ್ದಾಗೂ ಬೆಂಚಲ್ಲಿ ಜನ ಹೆಚ್ಚು. ಕೊನೆಗೆ ಹನ್ನೊಂದೂ ಜನ ಸರ್ದು ಸರ್ದು ನಂಗೆ ಜಾಗ ಮಾಡ್ತಿದ್ರು. ಮುಖದಲ್ಲಿ ಸಿಟ್ಟಿಲ್ಲ ಮಾರಾಯ್ತಿ, ಅಂತೂ ಬಂದ್ಯಲ್ಲ ಅನ್ನೂ ಹಾಂಗೆ ನೋಡ್ತಿದ್ರು. ಅದೇ ನಂಗೆ ಹೆದ್ರಿಕೆ ಆದದ್ದು.

“ಬಾಗ್ಲಾಚೆ ಮಳೇಲಿ ಗಂಗಿ ಕಾಣ್ತಿತ್ತು. ಕಿರ್ಚ್ದೆ. ಅದು ಕೊಡೆ ಬಿಸಾಕಿ ‘ತಡಿ ಅಕ್ಕಾ, ಇಗ್ಲೇ ಬತ್ತೆ’ ಅಂತ ಓಡಿ ಬಂತು. ಅವ್ಳ ಕಾಲು ಒಳಗೆ, ನನ್ ಕಾಲು ಹೊರಗೆ. ನೆತ್ತಿ ಮೇಲೆ ಮಳೆ ಬಿತ್ತು. ತಿರುಗ್ತೆ... ಬಾಗ್ಲು ಮುಚ್ಚಿತ್ತು. ಒಳಗಿಂದ ‘ಅಕ್ಕಾ, ಅಕ್ಕಾ’ ಅಂತಿತ್ತು. ನಾ ಎಂತ ಮಾಡ್ದೆ? ಬಾಗ್ಲಿಗೆ ಬಾಯಿಟ್ಟು ಹೇಳ್ದೆ, ‘ತಡ್ಕಾ ಗಂಗೀ, ಜನ ಕರ್ಕಂಡು ಬತ್ತೆ.’

“ಜನ ಬಂದ್ರು, ಬಾಗ್ಲು ತೆಗ್ದ್ರು. ಒಳಗೆ ಯಾರೂ ಇಲ್ಲ. ಹೊಂಡಕ್ಕೆ ಬಿದ್ದಿರ್ಬೇಕು ಅಂತ ಹುಡುಕಿದ್ರು, ಸಿಗ್ಲಿಲ್ಲ. ನಾ ಮಾತ್ರ ಹೊರಗೇ ನಿಂತೆ. ಆ ಹೊಸ್ತಿಲು ಮತ್ತೆ ತುಳೀಲಿಲ್ಲ. ಜೀವದ ಆಸೆ... ಹೇಳೂಕೆ ನಾಚ್ಕೆ ಆತದೆ. ಮಳೆ ಬಂದಾಗೆಲ್ಲ ಕೇಳ್ತದೆ, ‘ಯಾವಾಗ ಅಕ್ಕಾ?’ ನಾ ಇವತ್ತಿನ ತನಕ ದಿನ ಹೇಳ್ಲಿಲ್ಲ. ಹೇಳ್ಲಿಲ್ಲ ಅಂತ್ಲೇ ಇನ್ನೂ ಇಲ್ಲಿ ಕೂತಿದ್ದೆ.”

ಅಜ್ಜಿ ಯೋಗಿತಾಳ ಕಡೆ ಬಾಗಿ ಮೆಲ್ಲಗೆ ಕೇಳಿದಳು, “ಹಸಿರು ಸೀರೆಯೇ ಉಟ್ಟಿತ್ತಾ ಮಗಾ?”

ಯೋಗಿತಾ ಅಳುತ್ತಲೇ ತಲೆಯಾಡಿಸಿದಳು. “ಅಜ್ಜಿ, ಅವ್ಳೂ ‘ಯಾವಾಗ’ ಅಂದ್ಳು. ಇವ್ರು ಬೈಕ್ ಹತ್ರಾನೇ ನಿಂತಿದ್ರಲ್ಲ, ನಾಳೆ ಇವ್ರನ್ನೂ ಕರ್ಕಂಡು ಬತ್ತೆ ಅಂದ್ಬಿಟ್ಟೆ.”

“ಹೋಗೂದೇ ಇಲ್ಲ,” ಎಂದ ನಿತಿನ, ಅಗತ್ಯಕ್ಕಿಂತ ಜೋರಾಗಿ. “ನಾಳೆ ಇಡೀ ದಿನ ಮನೇಲೇ ಇರ್ತೆವು.”

“ಮನೆಗೂ ಹೊಸ್ತಿಲು ಅದೆ ಅಲ್ದಾ?” ಎಂದಳು ಅಜ್ಜಿ.

ಯೋಗಿತಾಳಿಗೆ ಶೆಡ್ಡಿನ ಬಾಗಿಲ ಕಡೆ ನೋಡಲೂ ಧೈರ್ಯವಾಗಲಿಲ್ಲ. ಅಜ್ಜಿ ಬಲೆಯನ್ನು ಮಡಚಿ ಪಕ್ಕಕ್ಕಿಟ್ಟು, ಹೊರಗಿನ ಮಳೆಗೆ ಮುಖ ಮಾಡಿದಳು.

“ಗಂಗೀ... ನಾಳೆ. ನಾನೇ ಬತ್ತೆ.”

ಉಳಿದವರಿಗೆ ಕೇಳಿದ್ದು ತಗಡಿನ ಮೇಲಿನ ಮಳೆ ಮಾತ್ರ. ಅಜ್ಜಿ ಕಿವಿಗೊಟ್ಟು ಕೇಳಿ, ಉತ್ತರ ಸಿಕ್ಕವಳ ಹಾಗೆ ತಲೆಯಾಡಿಸಿದಳು. ಆಮೇಲೆ ಯೋಗಿತಾಳ ಕೈ ಹಿಡಿದಳು.

“ಬೆಳಗ್ಗೆ ಎದ್ದವ್ಳೇ ಬಾಗ್ಲು ದಾಟ್ಬೇಡ. ಇವ್ನನ್ನೂ ದಾಟೂಕೆ ಬಿಡ್ಬೇಡ. ನಂಗೆ ಕೂಗು. ಮೊದ್ಲು ನಾ ದಾಟ್ತೆ.”