ಕೇಬಲ್ ಕಳಚಿದೆ, ಹಡಗು ಹೊರಡಬಹುದು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಬಂದರಿನ ಮ್ಯಾನೇಜರ್ ಮೇಡಂ ಅವರೇ, ನಾಳೆಯಿಂದ ನನ್ನ ಕೆಲಸ ಮಾಡಲಿರುವ ಯಂತ್ರವನ್ನು ಕೂರಿಸಿಕೊಟ್ಟ ಎಂಜಿನಿಯರ್ ಸಾಹೇಬರೇ, ಮುಖ್ಯ ಅತಿಥಿಗಳಾದ ನಮ್ಮ ಹಡಗಿನ ಮಾನ್ಯ ಕ್ಯಾಪ್ಟನ್ ಅವರೇ, ಭಾಷಣ ಯಾವಾಗ ಮುಗಿದೀತು ಎಂದು ಚಹಾದ ಮೇಜಿನ ಕಡೆಗೇ ಮುಖ ಮಾಡಿ ಕೂತಿರುವ ನನ್ನ ಸಹೋದ್ಯೋಗಿಗಳೇ, ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಹಡಗು ಚಾರ್ಜ್ ಆಗುವುದಕ್ಕೇ ಒಂಬತ್ತು ನಿಮಿಷ ಬೇಕು. ಮನುಷ್ಯನಿಗೆ ಐದು ಸಾಕೇ? ಇದನ್ನು ಯಾರು ತೀರ್ಮಾನಿಸಿದರು? ಇರಲಿ.

ನಾನು ಮಾಡುತ್ತಿದ್ದ ಕೆಲಸ ಏನು ಎಂದು ನಮ್ಮ ಬೀದಿಯ ಕ್ಷೌರಿಕ ಇವತ್ತಿಗೂ ಕೇಳುತ್ತಾನೆ. ಹಡಗಿಗೆ ಪ್ಲಗ್ ಹಾಕುತ್ತೇನೆ ಅಂದರೆ ನಗುತ್ತಾನೆ. ನಗುವಂಥದ್ದೇನಿದೆ? ನಮ್ಮದು ಅರ್ಧ ಬ್ಯಾಟರಿಯ, ಅರ್ಧ ಡೀಸೆಲ್‌ನ ಹಡಗು. ದಿನಕ್ಕೆ ಹನ್ನೊಂದು ಸಲ ಆಚೆ ದಡದಿಂದ ಜನರನ್ನು ತಂದು ಇಳಿಸುತ್ತದೆ. ಅದು ಬಂದು ನಿಂತ ಕೂಡಲೇ ನಾನು ರಬ್ಬರ್ ಕೈಗವಸು ತೊಟ್ಟು, ಹಡಗಿನ ಪಕ್ಕದ ಮುಚ್ಚಳ ತೆಗೆದು, ಉಪ್ಪುನೀರು ಒರೆಸಿ, ಇಪ್ಪತ್ತು ಕಿಲೋ ತೂಗುವ ಪ್ಲಗ್ಗನ್ನು ಒಳಗೆ ತಳ್ಳಬೇಕು. ಹಸಿರು ದೀಪ ಬರಬೇಕು. ಒಂಬತ್ತು ನಿಮಿಷ ಕಾಯಬೇಕು. ಆಮೇಲೆ ಕೀಳಬೇಕು. ಕೀಳುವುದನ್ನು ಮಾತ್ರ ಮರೆಯಬಾರದು.

ಮರೆತರೆ ಏನಾಗುತ್ತದೆ ಎಂದು ಈ ಬಂದರಿಗೆ ಕಲಿಸಿಕೊಟ್ಟವರು ಇಬ್ಬರು. ಒಬ್ಬ ನಾನು. ಇನ್ನೊಬ್ಬರು ಮಾನ್ಯ ಕ್ಯಾಪ್ಟನ್ ಅವರು.

ಆರು ವರ್ಷದ ಹಿಂದೆ, ಹೊಸ ಹಡಗು ಬಂದ ಮೊದಲ ವಾರ. ಚಾರ್ಜ್ ಮುಗಿದಿತ್ತು. ಅವರೇ ಕೇಳಲಿ ಎಂದು ನಾನು ಕೆಳಗೆ ನಿಂತಿದ್ದೆ. ಇವನೇ ಹೇಳಲಿ ಎಂದು ಅವರು ಮೇಲೆ ನಿಂತಿದ್ದರು. ಇಬ್ಬರೂ ಬಾಯಿ ಬಿಡಲಿಲ್ಲ. ಹೊರಡುವ ಹೊತ್ತಾಯಿತು, ಹಡಗು ಹೊರಟೇಬಿಟ್ಟಿತು, ಕೇಬಲ್ ಸಮೇತ! ನಾನು ಪ್ಲಗ್ಗಿನ ಹಿಂದೆ ಓಡಿದೆ. ಕೇಬಲ್ ಹಗ್ಗದ ಹಾಗೆ ಬಿಗಿದು, ಪಟ್ ಎಂದು ಕಿತ್ತುಬಂದು, ಟಿಕೆಟ್ ಕೌಂಟರಿನಿಂದ ಹಿಡಿದು ಶೌಚಾಲಯದವರೆಗೆ ಎಲ್ಲ ಕಡೆ ಕರೆಂಟ್ ಹೋಯಿತು. ಶೌಚಾಲಯದೊಳಗೆ ಇದ್ದವರು ಎಂಜಿನಿಯರ್ ಸಾಹೇಬರು. ಅವರು ಈಗ ನಗುತ್ತಿದ್ದಾರೆ. ಅವತ್ತು ನಗಲಿಲ್ಲ.

ಇಬ್ಬರು ಜವಾಬ್ದಾರಿಯುತ ನೌಕರರು ಯಾಕೆ ಬಾಯಿ ಬಿಡಲಿಲ್ಲ ಎಂದು ನೀವು ಕೇಳಬಹುದು. ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಮಾನ್ಯ ಕ್ಯಾಪ್ಟನ್ ಅವರು ನನ್ನ ಒಡಹುಟ್ಟಿದ ಅಣ್ಣ. ನನಗಿಂತ ಎರಡು ವರ್ಷ ದೊಡ್ಡವನು. ಆಗ ನಮ್ಮಿಬ್ಬರಿಗೂ ಮಾತು ಬಿಟ್ಟಿತ್ತು.

ಯಾಕೆ ಬಿಟ್ಟಿತ್ತು ಎನ್ನುವುದು ಇಲ್ಲಿ ಬೇಡ. ನಾನು ಚಾರ್ಜಿಂಗ್ ಬಗ್ಗೆ ಮಾತಾಡಲು ಬಂದವನು.

ಆ ಘಟನೆಯಾದ ಮೇಲೆ ಮೇಡಂ ಒಂದು ನಿಯಮ ತಂದರು. ಪ್ಲಗ್ ಕಿತ್ತ ಮೇಲೆ ದಡದವನು ವಾಕಿಟಾಕಿಯಲ್ಲಿ, "ಕೇಬಲ್ ಕಳಚಿದೆ, ಹಡಗು ಹೊರಡಬಹುದು" ಅನ್ನಬೇಕು. ಕ್ಯಾಪ್ಟನ್ ಅದನ್ನು ಅಕ್ಷರ ಬಿಡದೆ ತಿರುಗಿ ಹೇಳಬೇಕು. ಹೇಳದೆ ಹಡಗು ಅಲುಗುವಂತಿಲ್ಲ. ಹಾಗೆಯೇ ಹಡಗು ಬಂದಾಗ ಕ್ಯಾಪ್ಟನ್ ಬ್ಯಾಟರಿ ಶೇಕಡಾ ಎಷ್ಟು ಉಳಿದಿದೆ ಎಂದು ಹೇಳಬೇಕು, ದಡದವನು ಅದನ್ನು ಅಕ್ಷರ ಬಿಡದೆ ತಿರುಗಿ ಹೇಳಬೇಕು. ಮಾತು ಬಿಟ್ಟ ಅಣ್ಣತಮ್ಮಂದಿರು ದಿನಕ್ಕೆ ಇಪ್ಪತ್ತೆರಡು ಸಲ ಮಾತಾಡುವ ಹಾಗಾಯಿತು. ಬೇರೆ ಯಾವ ಸಂಸಾರದಲ್ಲಿ ಅಷ್ಟು ಮಾತಾಡುತ್ತಾರೆ, ಹೇಳಿ?

ಮೂರು ತಿಂಗಳು ನಿಯಮದಂತೆ ನಡೆಯಿತು. ಅಷ್ಟರಲ್ಲಿ ಅಮ್ಮನ ಕಣ್ಣಿನ ಆಪರೇಷನ್ ಆಯಿತು. ಅಮ್ಮ ನನ್ನ ಮನೆಯಲ್ಲಿದ್ದಳು. ಅಣ್ಣನಿಗೆ ತಿಳಿಸುವುದು ಹೇಗೆ? ಫೋನ್ ಮಾಡಿದರೆ ನಾನು ಸೋತ ಹಾಗೆ. ಯೋಚಿಸಿದೆ. ಪ್ಲಗ್ ಕಿತ್ತೆ. "ಅಮ್ಮನ ಆಪರೇಷನ್ ಚೆನ್ನಾಗಿ ಆಯ್ತು, ಕೇಬಲ್ ಕಳಚಿದೆ, ಹಡಗು ಹೊರಡಬಹುದು" ಅಂದೆ.

ಮುನ್ನೂರು ಜನ ಹಡಗಿನಲ್ಲಿ ಕಾಯುತ್ತಿದ್ದರು. ಕೊನೆಗೆ ಒಂದು ಬಿಗಿದ ಧ್ವನಿ, "ಅಮ್ಮನ ಆಪರೇಷನ್ ಚೆನ್ನಾಗಿ ಆಯ್ತು. ಕೇಬಲ್ ಕಳಚಿದೆ. ಹಡಗು ಹೊರಡಬಹುದು." ಹಡಗು ಹೋಯಿತು. ಮರುದಿನ ಬೆಳಗ್ಗೆ ಹಡಗು ಬಂದಾಗ ಕೇಳಿಸಿದ್ದು, "ನಿನ್ನ ಅತ್ತಿಗೆ ಅಮ್ಮನಿಗೆ ಸ್ವೆಟರ್ ಹೆಣೆದಿದ್ದಾಳೆ, ಬ್ಯಾಟರಿ ಇಪ್ಪತ್ತೆರಡು." ನಾನೂ ತಿರುಗಿ ಹೇಳಿದೆ. ನಿಯಮ, ಏನು ಮಾಡೋಕಾಗುತ್ತೆ?

ಅಲ್ಲಿಂದ ಶುರುವಾಯಿತು ನೋಡಿ. ಅತ್ತಿಗೆಯ ಮೊಣಕಾಲು ನೋವು, ಅವನ ಮಗನ ಪರೀಕ್ಷೆ, ನನ್ನ ಮಗಳ ಮದುವೆ, ಎಲ್ಲವೂ ಕೇಬಲ್ ಜೊತೆಗೇ ಹೋದವು. ಇದೆಲ್ಲ ಕಚೇರಿಯಲ್ಲಿ ರೆಕಾರ್ಡ್ ಆಗುತ್ತದೆ. ತಿಂಗಳಿಗೊಮ್ಮೆ ಮೇಡಂ ಕೂತು ಕೇಳಬೇಕು. ಒಂದು ದಿನವೂ ನಮಗೆ ಮೆಮೊ ಕೊಡಲಿಲ್ಲ. ಒಮ್ಮೆ ಮೆಟ್ಟಿಲ ಮೇಲೆ ಸಿಕ್ಕಿ, "ಅತ್ತಿಗೆಯವರ ಮೊಣಕಾಲು ಈಗ ಹೇಗಿದೆ?" ಎಂದು ಕೇಳಿದರು. ಅಷ್ಟೇ.

ತಂಟೆಯನ್ನೂ ಮಾಡಿದ್ದೇನೆ. ಒಮ್ಮೆ ಸಿಟ್ಟು ಬಂದು, "ನಾನು ಮಹಾ ಹಠಮಾರಿ, ಕೇಬಲ್ ಕಳಚಿದೆ, ಹಡಗು ಹೊರಡಬಹುದು" ಅಂದೆ. ಅಣ್ಣ ಹಲ್ಲು ಕಚ್ಚಿಕೊಂಡು, "ನಾನು ಮಹಾ ಹಠಮಾರಿ" ಅಂತ ಇಡೀ ಬಂದರಿಗೆ ಕೇಳುವ ಹಾಗೆ ಒಪ್ಪಿಕೊಂಡ! ಎರಡು ದಿನ ಖುಷಿಗೆ ನನ್ನ ಕಾಲು ನೆಲದ ಮೇಲಿರಲಿಲ್ಲ. ಮೂರನೆಯ ದಿನ ಹಡಗು ಬಂತು. "ಅಣ್ಣ ಹೇಳಿದ್ದೇ ಸರಿ, ಬ್ಯಾಟರಿ ಹತ್ತೊಂಬತ್ತು" ಅಂದ.

ನಾನು, "ಬ್ಯಾಟರಿ ಹತ್ತೊಂಬತ್ತು" ಅಂದೆ. ಅಷ್ಟೇ ಅಂದೆ. ಆರು ವರ್ಷದಲ್ಲಿ ನಾನು ನಿಯಮ ಮುರಿದದ್ದು ಅದೊಂದೇ ಸಲ. ಅವತ್ತಿನಿಂದ ಅಣ್ಣ ಮನೆಯ ಸುದ್ದಿ ನಿಲ್ಲಿಸಿದ. ಬರೀ ಬ್ಯಾಟರಿ ಹೇಳತೊಡಗಿದ. ಅದಾಗಿ ಒಂದು ವರ್ಷವಾಯಿತು.

ಬೇಡ ಅಂದಿದ್ದೆನಲ್ಲ, ಈಗ ಹೇಳಿಯೇಬಿಡುತ್ತೇನೆ. ಹಳೆಯ ಡೀಸೆಲ್ ಹಡಗಿನಲ್ಲಿ ಅಣ್ಣ ಮೇಲೆ, ನಾನು ಕೆಳಗೆ ಎಂಜಿನ್ ಕೋಣೆಯಲ್ಲಿ, ಹದಿನೆಂಟು ವರ್ಷ. ಆ ಎಂಜಿನ್ ಅಂದರೆ ನನಗೆ ಪ್ರಾಣ. ಹೊಸ ಹಡಗು ಬಂದಾಗ ಕೆಳಗೆ ಇಬ್ಬರೇ ಸಾಕು ಅಂದರು. ಯಾರಿರಲಿ ಎಂದು ಕ್ಯಾಪ್ಟನ್ ಅವರನ್ನು ಕೇಳಿದರು. ಎಲ್ಲರ ಎದುರಿಗೆ ಅಣ್ಣ ಅಂದ, "ನನ್ನ ತಮ್ಮನನ್ನು ಕೆಳಗೆ ಹಾಕಬೇಡಿ. ಅವನ ಕಿವಿ ಹೋಗ್ತಿದೆ. ದಡದಲ್ಲಿ ಏನಾದರೂ ಕೊಡಿ." ನನಗೆ ಮೈಯೆಲ್ಲ ಉರಿದುಹೋಯಿತು. ನನ್ನನ್ನು ಕಿವುಡ ಅಂದವನ ಜೊತೆ ಇನ್ನೇನು ಮಾತು ಎಂದು ಎದ್ದುಬಂದೆ.

ನಾಳೆಯಿಂದ ನಾನು ಬಿಡಿಭಾಗಗಳ ಗೋದಾಮಿಗೆ ಹೋಗುತ್ತೇನೆ. ಯಂತ್ರದ ತೋಳು ತಾನೇ ಚಾಚಿ ಪ್ಲಗ್ ಹಾಕುತ್ತದೆ, ತಾನೇ ಕೀಳುತ್ತದೆ. ಅದು ಮಾತಾಡುವುದಿಲ್ಲ. ಅಣ್ಣ ತಿರುಗಿ ಹೇಳಬೇಕಾದ್ದೂ ಇಲ್ಲ. ಎಂಜಿನಿಯರ್ ಸಾಹೇಬರೇ, ತಪ್ಪು ತಿಳಿಯಬೇಡಿ, ಯಂತ್ರ ಚೆನ್ನಾಗಿದೆ. ಆದರೆ ನಿಜ ಹೇಳುತ್ತೇನೆ, ಅದನ್ನು ಕೂರಿಸಿದ ದಿನದಿಂದ ನನಗೆ ಅನ್ನ ಸೇರಿಲ್ಲ.

ಗೋದಾಮಿಗೆ ಹಾಕುವ ಮುಂಚೆ ವೈದ್ಯಕೀಯ ತಪಾಸಣೆ ಮಾಡಿಸಿದರು. ಡಾಕ್ಟರಮ್ಮ, ಎಡಗಿವಿಗೆ ಶಬ್ದ ಕೇಳಿಸಿದಾಗ ಕೈ ಎತ್ತಿ ಅಂದು, ನನ್ನ ಬಲಗಿವಿ ಮುಚ್ಚಿದರು. ಕಾದೆ. ಶಬ್ದ ಬರುತ್ತದೆ, ಬರುತ್ತದೆ ಎಂದು ಕೈಯನ್ನು ಸಿದ್ಧ ಇಟ್ಟುಕೊಂಡು ಕಾದೆ. ಕೊನೆಗೆ ಅವರು ಒಂದು ಕಾಗದದ ಮೇಲೆ ಬರೆದು ತೋರಿಸಿದರು: "ಪರೀಕ್ಷೆ ಮುಗಿದು ಎರಡು ನಿಮಿಷವಾಯಿತು." ಎಂಜಿನ್ ಕೋಣೆ ಆಗಲೇ ಬಿಟ್ಟಿದ್ದಕ್ಕೆ ಬಲಗಿವಿ ಉಳಿಯಿತು, ಇಲ್ಲದಿದ್ದರೆ ಅದೂ ಹೋಗುತ್ತಿತ್ತು ಅಂದರು. ಯಾರು ಬಿಡಿಸಿದರು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಈಗ ಹೇಳುತ್ತೇನೆ. ಅಣ್ಣ ಹೇಳಿದ್ದೇ ಸರಿ. ಅಣ್ಣ, ನೀನು ಹೇಳಿದ್ದೇ ಸರಿ. ಒಂದು ವರ್ಷ ತಡವಾಯಿತು, ಕ್ಷಮಿಸು.

ಮೇಡಂ, ಕೊನೆಯದಾಗಿ ಒಂದು ಕೋರಿಕೆ. ನೀವು ಅಣ್ಣನ ಎಡಗಡೆಯ ಕುರ್ಚಿಯಲ್ಲಿ ಕೂತಿದ್ದೀರಿ. ದಯವಿಟ್ಟು ಅದನ್ನು ನನಗೆ ಬಿಟ್ಟುಕೊಡಿ. ಅಲ್ಲಿ ಕೂತರೆ ನನ್ನ ಬಲಗಿವಿ ಅಣ್ಣನ ಕಡೆಗೆ ಇರುತ್ತದೆ. ಅವನಿಗೆ ಏನಾದರೂ ಹೇಳುವುದಿದ್ದರೆ ನನಗೆ ಕೇಳಿಸಬೇಕು.

ಐದು ನಿಮಿಷ ಮೀರಿದರೂ ತಾಳಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ.