ಇನಿಷಿಯಲ್ ದಾಟಿಸಿದ ಕಾರ್ಡು

ಇಳಿಸು ಅಂದೆನಲ್ಲ. ಮೊದಲು ಆ ಬೋರ್ಡು ಗೋಡೆಯಿಂದ ಇಳಿಸು, ಮಾತು ಆಮೇಲೆ. ಎಂತಕ್ಕೆ ನಗುದು ನೀನು? "ಜಲಜಾಕ್ಷಿ, ಪಂಚ್ ಆಪರೇಟರ್." ಈ ಎಪ್ಪತ್ತೆಂಟನೇ ವಯಸ್ಸಿನಲ್ಲಿ ನನ್ನನ್ನು ಆಟೋ ಹತ್ತಿಸಿ ಕರ್ಕೊಂಡು ಬಂದದ್ದು ಇದನ್ನು ತೋರಿಸ್ಲಿಕ್ಕಾ? ಹೊರಗೆ ದೊಡ್ಡದಾಗಿ "ಚೆನ್ನೈಯ ಮೊದಲ ಕಂಪ್ಯೂಟರ್ ಸಾಧಕರು" ಅಂತ ಬರೆದಿದ್ದೀರಿ. ಒಳಗೆ ಬಂದರೆ ಕೋಟು ಹಾಕಿದ ಗಂಡಸರು ಹದಿನೈದು ಜನ, ಒಬ್ಬೊಬ್ಬರದ್ದೂ ಬಾಗಿಲಿನಷ್ಟು ದೊಡ್ಡ ಫೋಟೋ. ನಾನು ಮೂಲೆಯಲ್ಲಿ, ಸ್ವಿಚ್ ಬೋರ್ಡಿನ ಕೆಳಗೆ.

ನಾಳೆ ಹತ್ತು ಗಂಟೆಗಲ್ವಾ ಉದ್ಘಾಟನೆ? ಅಷ್ಟರೊಳಗೆ ಅದನ್ನು ತಿದ್ದಿ "ಇನಿಷಿಯಲ್ ಪ್ರೋಗ್ರಾಮ್ ಬರೆದವಳು ಜಲಜಾಕ್ಷಿ" ಅಂತ ಹಾಕಬೇಕು. ಇಲ್ಲದಿದ್ದರೆ ನಾನು ಬರುದಿಲ್ಲ. ನೀನು ನನ್ನ ಸಂಜೀವಣ್ಣನ ಮೊಮ್ಮಗಳಿರಬಹುದು, ಈ ಪ್ರದರ್ಶನ ಮಾಡಿಸಿದವಳೇ ನೀನಿರಬಹುದು, ಹಾಗಂತ ಆ ಸ್ವಿಚ್ ಬೋರ್ಡಿನ ಹತ್ತಿರ ನಿಂತು ಹಲ್ಲು ಕಿರಿಯುವವಳು ನಾನಲ್ಲ ವೀಕ್ಷಾ.

"ಪ್ರೂಫ್ ಇರುಕ್ಕಾ ಪಾಟಿ" ಅಂತೆ. ಪ್ರೂಫ್ ಉಂಟಾ ಅಜ್ಜಿ ಅಂತ ಕನ್ನಡದಲ್ಲಿ ಕೇಳು ಮಾರಾಯ್ತಿ, ಮನೆಯಲ್ಲಿ ಕಲಿಸ್ಲಿಲ್ಲವಾ ನಿನಗೆ? ಪ್ರೂಫ್ ಬೇಕಾದರೆ ಕೂತುಕೋ. ಫೋನ್ ಆನ್ ಮಾಡು, ಎಲ್ಲ ರೆಕಾರ್ಡ್ ಆಗಲಿ. ನನಗೆಂತ ಹೆದರಿಕೆ.

ಸಾವಿರದ ಒಂಬೈನೂರ ಎಪ್ಪತ್ತೊಂದು. ಆಗಿನ ಮದ್ರಾಸಿನ ಸೌಕಾರ್‌ಪೇಟೆಯಲ್ಲಿ ಅಪ್ಪನ ಹೋಟೆಲು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಕಲಿತು, ಗಿಂಡಿ ಕಡೆಯ ಒಂದು ಕಂಪ್ಯೂಟರ್ ಸೆಂಟರಿಗೆ ಸೇರಿದೆ. ಪ್ರೋಗ್ರಾಮ್ ಬರೆಯುವವರು ಪೆನ್ಸಿಲ್ಲಿನಲ್ಲಿ ಶೀಟಿನ ಮೇಲೆ ಬರೆದು ಕೊಡುದು. ನಾವು ಅದನ್ನು ನೋಡಿ ಕಾರ್ಡಿನಲ್ಲಿ ತೂತು ಹೊಡೆಯುದು, ಒಂದು ಸಾಲಿಗೆ ಒಂದು ಕಾರ್ಡು. ಹನ್ನೆರಡು ಹುಡುಗಿಯರು, ದಿನವಿಡೀ ಟಕಟಕಟಕ. ನಾವು ಓದ್ತೇವೆ ಅಂತ ಯಾರಿಗೂ ಅಂದಾಜಿರಲಿಲ್ಲ. ಎರಡು ವರ್ಷ ಬೇರೆಯವರ ಪ್ರೋಗ್ರಾಮ್ ಹೊಡೆದೂ ಹೊಡೆದೂ ನಾನು ಬೆರಳಿನಲ್ಲೇ ಕಲಿತೆ. ನಿನ್ನ ಹಾಗೆ ಕಾಲೇಜಿಗೆ ಹೋಗಿ ಕಲಿತದ್ದಲ್ಲ.

ಎಪ್ಪತ್ತಮೂರರಲ್ಲಿ ಪರೀಕ್ಷೆ ಬರೆದವರ ಪಟ್ಟಿ ನಮ್ಮಲ್ಲಿಗೆ ಬಂತು. ಲಕ್ಷ ಹೆಸರು, ಹೆಸರಿಗೊಂದು ಕಾರ್ಡು. ಅದನ್ನೆಲ್ಲ ಅಕ್ಷರದ ಸಾಲಿನಲ್ಲಿ ಜೋಡಿಸಿ ಅಚ್ಚು ಮಾಡಿ ಕೊಡಬೇಕು. ಮಿಷಿನ್ ಪರದೇಶದ್ದು, ಅದಕ್ಕೆ ಮದ್ರಾಸಿನವರ ಹೆಸರಿನ ಸಂಗತಿ ಎಂತ ಗೊತ್ತುಂಟು? ಇಲ್ಲಿ ಇನಿಷಿಯಲ್ ಮುಂದೆ, ಹೆಸರು ಹಿಂದೆ. ಕೆ. ಭಾವನಾ ಅಂತ ಇದ್ದರೆ ಅವಳನ್ನು ಕೊಂಡುಹೋಗಿ ಕೆ ಸಾಲಿನಲ್ಲಿ ಕೂರಿಸಿತು. ಇನಿಷಿಯಲ್ ದಾಟಿ ಹೆಸರನ್ನು ಓದುವ ಪ್ರೋಗ್ರಾಮ್ ಬೇಕಾಯ್ತು. ಈಗ ನಿನ್ನ ಫೋನ್ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡ್ತದೆ. ಆಗ ಈ ಊರಿನಲ್ಲಿ ಯಾರೂ ಮಾಡಿರಲಿಲ್ಲ.

ಬರೀಲಿಕ್ಕೆ ಕೊಟ್ಟದ್ದು ಸುಮಿತ್ರಾಗೆ. ಹೌದು, ಶುರು ಮಾಡಿದ್ದು ಅವಳೇ, ಇಲ್ಲ ಅಂತ ನಾನು ಹೇಳುದಿಲ್ಲ. ಧಾರವಾಡದ ಕಡೆಯವಳು, ಬಿ.ಎಸ್‌ಸಿ. ಮಾಡಿದವಳು, ಟೆಂಪರರಿ ಕೆಲಸ. ತನ್ನ ಮನೆಯವರ ಹೆಸರು ಹಾಕಿ ಪರೀಕ್ಷೆ ಮಾಡಿದಾಗ ಪ್ರೋಗ್ರಾಮ್ ಚೆಂದ ಓಡಿತು. ಮದ್ರಾಸಿನ ಪಟ್ಟಿ ಹಾಕಿದರೆ ಮಿಷಿನ್ ನಿಂತಲ್ಲೇ ತಿರುಗಿತು. ನಮಗೆ ಮಿಷಿನ್ ಸಿಗುದೇ ವಾರಕ್ಕೆ ಎರಡು ಸಲ, ಅರ್ಧ ಅರ್ಧ ಗಂಟೆ. ಮೂರು ವಾರ ಒದ್ದಾಡಿದಳು ಪಾಪ. ಹೆಸರಿನ ಕಾರ್ಡುಗಳೇ ಕೆಟ್ಟಿವೆ ಅಂತ ಕಟ್ಟು ಕಟ್ಟು ಬಿಚ್ಚಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. ಕಣ್ಣು ಕೆಂಪಾಗಿತ್ತು. ಕಡೆಗೆ ಆಫೀಸರ್ ಎಲ್ಲರೆದುರು, ಹೆಂಗಸಿನ ಕೈಗೆ ಕೊಟ್ಟದ್ದೇ ತಪ್ಪು ಅಂದ. ಅದೇ ಶನಿವಾರ ಅವಳನ್ನು ಕೆಲಸದಿಂದ ತೆಗೆದರು.

ಸೋಮವಾರ ನಾನು ಅವಳ ಪ್ರೋಗ್ರಾಮಿನ ಒಂದು ಕಾರ್ಡು ಬದಲಾಯಿಸಿದೆ. ಒಂದೇ ಒಂದು. ಓಡಿತು. ಲಕ್ಷ ಹೆಸರು ಸಾಲಾಗಿ ಬಂತು. "ಯಾರು ಮಾಡಿದ್ದು" ಅಂತ ಆಫೀಸರ್ ಕೇಳಿದ. ನಾನು ಎದ್ದು ನಿಂತು "ನಾನು" ಅಂದೆ. ಹೋಟೆಲಿನವರ ಮಗಳು, ಕಾಲೇಜು ಮೆಟ್ಟಿಲು ಹತ್ತದವಳು. ತಿಂಗಳೊಳಗೆ ನನ್ನನ್ನು ಪ್ರೋಗ್ರಾಮರ್ ಮಾಡಿದರು. ಮೂವತ್ತನಾಲ್ಕು ವರ್ಷ ಆ ಕುರ್ಚಿಯಲ್ಲಿ ಕೂತು ರಿಟೈರ್ ಆದೆ. ಈಗ ನೀವು ನನ್ನ ಹಳೇ ಫೋಟೋದ ಬೆನ್ನಿನಲ್ಲಿ "ಪಂಚ್ ಆಪರೇಟರ್" ಅಂತ ಇದ್ದದ್ದನ್ನು ನೋಡಿ ಹಾಗೇ ಬರೆದರೆ ನಾನು ಬಿಡ್ತೇನಾ?

ಎಂತ ಕೇಳಿದೆ? ಸೋಮವಾರ ಅಷ್ಟು ಬೇಗ ಹೇಗೆ ಸಿಕ್ಕಿತು ಅಂತಲಾ? ಹುಡುಕ್ಲಿಕ್ಕೆ ಎಂತ ಉಂಟು? ನಮ್ಮ ಅಪ್ಪನಿಗೆ ಎರಡು ಇನಿಷಿಯಲ್, ಊರಿನದ್ದೊಂದು, ಅವರಪ್ಪನದ್ದೊಂದು. ಅವಳ ಕಡೆ ಹಾಗೆ ಬರೆಯುವವರಿಲ್ಲ, ಅವರದ್ದು ಹೆಸರು ಮುಂದೆ, ಮನೆತನ ಹಿಂದೆ. ಹಾಗಾಗಿ ಒಂದು ಇನಿಷಿಯಲ್ ದಾಟ್ಲಿಕ್ಕೆ ಸರಿಯಾಗಿ ಬರೆದಿದ್ದಳು. ಎರಡನೆಯದ್ದು ಬಂದರೆ ಮುಂದೆ ಹೋಗುವ ಬದಲು ಮತ್ತೆ ಮೊದಲಿಗೇ ಹೋಗು ಅಂತ ಆಗಿತ್ತು. ಗಾಣದ ಎತ್ತಿನ ಹಾಗೆ. ಆ ಸಾಲು ಹೊಡೆಯುವಾಗಲೇ ನನಗೆ ಕಂಡಿತ್ತು, ಇದು ಓಡುದಿಲ್ಲ ಅಂತ. ಮೊದಲ ದಿನವೇ...

ಯಾಕೆ ಎದ್ದು ನಿಂತೆ?

ಇಷ್ಟು ಹೊತ್ತು ನಗ್ತಿದ್ದೆಯಲ್ಲ. ಕೇಳು, ಬೇರೆ ಎಂತ ಕೇಳಲಿಕ್ಕುಂಟೋ ಕೇಳು. ಫೋನ್ ಯಾಕೆ ನೋಡ್ತಿ? ಅದು ಆನ್ ಉಂಟಾ ಇನ್ನೂ? ಇರಲಿ. ಇರಲಿ, ಆಫ್ ಮಾಡಬೇಡ.

ಹೌದು, ಮೊದಲ ದಿನ. ಮೂರು ವಾರ ಗೊತ್ತಿತ್ತು ನನಗೆ. ಈಗ ಎಂತ? ನಮ್ಮ ರೂಮಿನ ಗೋಡೆಯ ಮೇಲೆ ಬರೆದಿತ್ತು, ಶೀಟಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೊಡೆಯಬೇಕು ಅಂತ. ಒಂದು ಕಾಮಾ ತಿದ್ದಿದ್ದಕ್ಕೆ ಒಬ್ಬಳಿಗೆ ಮೆಮೊ ಕೊಟ್ಟಿದ್ದರು. ತಪ್ಪಿದ್ದರೆ ತಪ್ಪನ್ನೇ ಹೊಡೆ, ಅದು ರೂಲು. ನಾನು ರೂಲು ಮಾಡಿದವಳಲ್ಲ. ಪ್ರೋಗ್ರಾಮರ್ ಮಾಡಿ ಅಂತ ಎರಡು ಸಲ ಅರ್ಜಿ ಕೊಟ್ಟಿದ್ದೆ. ಎರಡನೇ ಸಲ ಅದನ್ನು ಓದದೆ ನನ್ನ ಕೈಗೇ ವಾಪಸ್ ಕೊಟ್ಟರು, ನಿನ್ನ ಬೆರಳು ಚುರುಕುಂಟು, ಬೆರಳಿನ ಕೆಲಸ ಮಾಡು ಅಂತ. ನನ್ನ ತಲೆಯಲ್ಲಿ ಎಂತ ಉಂಟು ಅಂತ ಆ ಕಟ್ಟಡದಲ್ಲಿ ಒಬ್ಬರಾದರೂ ಕೇಳಿದ್ದಾರಾ? ಕೇಳದವರಿಗೆ ನಾನಾಗಿ ಹೋಗಿ ಯಾಕೆ ಹೇಳಬೇಕಿತ್ತು? ಅವಳಿಗೆ ಡಿಗ್ರಿ ಇತ್ತಲ್ಲ, ಹುಡುಕಿಕೊಳ್ಳಲಿ ಅಂತ ಬಿಟ್ಟೆ. ಇವತ್ತು ಕೇಳಿದರೂ ಹಾಗೇ ಹೇಳ್ತೇನೆ. ಕೆಲಸ ಹೋಗ್ತದೆ ಅಂತ ನನಗೇನು ಕನಸು ಬಿದ್ದಿತ್ತಾ?

ಬೈಯುದಾದರೆ ಬೈ. ತಮಿಳಿನಲ್ಲೇ ಬೈ, ನನಗೆ ಅರ್ಥ ಆಗ್ತದೆ. ಹೀಗೆ ನೋಡಬೇಡ ವೀಕ್ಷಾ.

...ಕೇಳಿದ್ದಳು.

ಬೇರೆ ಯಾರೂ ಕೇಳಲಿಲ್ಲ, ಅವಳು ಕೇಳಿದ್ದಳು. ಎರಡನೇ ವಾರ, ಮಧ್ಯಾಹ್ನ ಊಟದ ಹೊತ್ತಿಗೆ ಶೀಟು ಹಿಡ್ಕೊಂಡು ಬಂದು ನನ್ನ ಪಕ್ಕ ಕೂತಳು. "ಜಲಜಾ, ದಿನಾ ಎಲ್ಲಾರ ಶೀಟೂ ನೋಡ್ತೀಯಲ್ಲ, ಇದರಾಗ ನಿನಗೇನರ ಕಾಣಸ್ತದೇನು ನೋಡು" ಅಂದಳು. ಆಪರೇಟರ್ ಹತ್ತಿರ ಪ್ರೋಗ್ರಾಮರ್ ಕೇಳುದು ಅಂದರೆ ಆಗ... ಯಾರೂ ಕೇಳ್ತಿರಲಿಲ್ಲ ಹಾಗೆ. ಆ ಸಾಲು ಅವಳ ಹೆಬ್ಬೆರಳಿನ ಹತ್ತಿರವೇ ಇತ್ತು. ನಾನು ಮೊಸರನ್ನ ಕಲಸ್ತಾ ಇಡೀ ಶೀಟು ನೋಡಿದೆ, ಮೇಲಿಂದ ಕೆಳಗಿನವರೆಗೆ. ನಿನ್ನದರಲ್ಲಿ ಎಂತದೂ ತಪ್ಪಿಲ್ಲ ಸುಮಿತ್ರಾ, ಹೆಸರಿನ ಕಾರ್ಡುಗಳೇ ಕೆಟ್ಟಿರಬೇಕು, ಒಂದೊಂದೇ ಬಿಚ್ಚಿ ನೋಡು ಅಂದೆ.