ತೊಂಬತ್ತನೇ ದಿನದ ಫೋನು

ನಮ್ಮ ದೊಡ್ಡಮ್ಮನ ಮಗಳು ಅವತ್ತು ಆಸ್ಪತ್ರೆಯಿಂದ ಹೊರಟಾಗ ರಾತ್ರಿ ಹತ್ತೂವರೆ. ದೊಡ್ಡ ರಸ್ತೆ ಹಿಡಿದರೆ ಮನೆಗೆ ಅರ್ಧ ಗಂಟೆ. ಹಳೇ ಬಾವಿಯ ಪಕ್ಕದಿಂದ ಹೋದರೆ ಹತ್ತೇ ನಿಮಿಷ. ಕಾಲು ಬಾತುಕೊಂಡಿತ್ತು, ಬಾವಿಯ ದಾರಿ ಹಿಡಿದಳು. ಈ ಅಕ್ಕ ದೆವ್ವಗಿವ್ವ ನಂಬುವವಳಲ್ಲ. ಐಸಿಯುನಲ್ಲಿ ಓಡಾಡುವವಳಿಗೆ ಸಾವು ಹೊಸದೇನಲ್ಲ.

ಸೋಂಕು ರಕ್ತಕ್ಕೇರಿ ಐಸಿಯು ಸೇರಿದವರ ಬಗ್ಗೆ ಅಲ್ಲಿನ ಡಾಕ್ಟರು ಒಂದು ಸಂಶೋಧನೆ ನಡೆಸುತ್ತಿದ್ದರು. ಸೇರಿದ ತೊಂಬತ್ತನೇ ದಿನ ರೋಗಿಯ ಮನೆಗೆ ಫೋನ್ ಮಾಡಬೇಕು. ಇದ್ದಾರಾ, ಹೋದರಾ ಎಂದು ಕೇಳಿ ಹಾಳೆ ತುಂಬಬೇಕು. ಅದು ಅಕ್ಕನ ಕೆಲಸ. ಹೇಳುವುದಕ್ಕೇನೋ ಸುಲಭ. ಅವತ್ತು ಐದು ಮನೆಗೆ ಮಾಡಿದ್ದಳು. ನಾಲ್ಕು ಕಡೆ "ಹೋದ್ರು" ಅಂದರು. ಐದನೆಯ ಕಡೆ, "ಸತ್ರಾ ಅಂತ ಕೇಳೋಕೂ ಸಂಬಳ ಕೊಡ್ತಾರೇನಮ್ಮಾ ನಿಂಗೆ?" ಎಂದು ಉಗಿದು ಫೋನ್ ಇಟ್ಟರು.

ಆರನೆಯ ಹಾಳೆ ಟೈಲರ್ ಅಜ್ಜನದು. ಮೂರು ವಾರ ಉಸಿರಾಟದ ಯಂತ್ರದಲ್ಲಿದ್ದು ಬದುಕಿ ಬಂದವನು. ಗಂಟಲಿಗೆ ತೂತು ಮಾಡಿ ಹಾಕಿದ ನಳಿಗೆಯ ಸಮೇತ ಮನೆಗೆ ಹೋಗಿದ್ದ. ನಳಿಗೆಯ ಬಾಯಿಗೆ ಬೆರಳಿಟ್ಟರೆ ಮಾತು ಹೊರಡುತ್ತಿತ್ತು. ಬೆರಳು ತೆಗೆದರೆ... ಫುಸ್... ಬರೀ ಗಾಳಿ. ಅಷ್ಟರಲ್ಲೂ ತಮಾಷೆ. "ನಿನ್ನ ಕೋಟಿನ ತೋಳು ಒಂದಿಂಚು ಉದ್ದ ಆಯ್ತು ಮಗಳೇ, ಯಾರು ಹೊಲಿದ ಪುಣ್ಯಾತ್ಮ?" ಎಂದು ಮಲಗಿದಲ್ಲೇ ಅಳತೆ ತೆಗೆದಿದ್ದ. ಹೊರಡುವ ದಿನ ಅವಳ ಕೈ ಹಿಡಿದು, "ತೊಂಬತ್ತನೇ ದಿನ ಫೋನ್ ಮಾಡ್ತೀಯಲ್ಲ? ನಾನೇ ಎತ್ತೀನಿ. ನಾನೇ ಹೇಳ್ತೀನಿ" ಅಂದಿದ್ದ.

ಆ ಮನೆಯಲ್ಲೂ "ಹೋದ್ರು" ಅಂದುಬಿಟ್ಟರೆ? ಅದನ್ನು ಕೇಳಿಸಿಕೊಳ್ಳುವ ಶಕ್ತಿ ಅವತ್ತು ಅಕ್ಕನಲ್ಲಿ ಉಳಿದಿರಲಿಲ್ಲ. ಫೋನ್ ಮಾಡಲೇ ಇಲ್ಲ. 'ಬದುಕಿದ್ದಾರೆ' ಎಂದು ಬರೆದಳು. 'ಮಾಹಿತಿ ಕೊಟ್ಟವರು' ಎಂಬಲ್ಲಿ 'ಸ್ವತಃ ರೋಗಿ' ಎಂದು ಬರೆದಳು. ಬೆಳಗ್ಗೆ ದೊಡ್ಡ ಡಾಕ್ಟರಿಗೆ ಹೋಗಬೇಕಾದ ಹಾಳೆಗಳ ಕಟ್ಟಿನಲ್ಲಿ ಅದನ್ನೂ ಸೇರಿಸಿ ಎದ್ದಳು. ಆ ಕೆಲಸಕ್ಕೆ ಸೇರಿದ ಮೇಲೆ ಅವಳು ಬರೆದ ಮೊದಲ ಸುಳ್ಳು ಅದು.

ಬಾವಿ ಬಂತು. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ ಬಾವಿ. ಅತ್ತಿತ್ತ ನರಪಿಳ್ಳೆಯಿಲ್ಲ.

ಫುಸ್...

ನಿಂತಳು. ಸೈಕಲ್ ಚಕ್ರದ ಗಾಳಿ ಬಿಟ್ಟ ಹಾಗೆ. ಮತ್ತೆ... ಫುಸ್... ಅದರ ಹಿಂದೆಯೇ ಕಫದ ಸಣ್ಣ ಗೊರಗೊರ. ಆ ಸದ್ದು ಯಾವುದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಟ್ಟೆಯ ಮೇಲೆ ಟೈಲರ್ ಅಜ್ಜ ಕೂತಿದ್ದ.

"ಅಜ್ಜ... ಇಷ್ಟೊತ್ತಲ್ಲಿ... ಇಲ್ಲಿ?"

ಬೆರಳು ನಿಧಾನವಾಗಿ ಗಂಟಲಿಗೆ ಹೋಯಿತು. "ಕಾದೆ ಮಗಳೇ. ಫೋನ್ ಬರ್ಲಿಲ್ಲ."

"ಸುಸ್ತಾಗಿತ್ತು ಅಜ್ಜ..." ಪಿಸುಗುಟ್ಟಿದಳು.

"ಗೊತ್ತು. ನಂಗೂ ಸುಸ್ತು." ಫುಸ್... "ಇದ್ದೀನಿ ಅಂತ ಬರೆದಿಟ್ಟಿದ್ದೀಯ. ನಾನು ಹೇಗೆ ಹೋಗ್ಲಿ?"

ಫುಸ್... ಬೆರಳು ಮತ್ತೆ ನಳಿಗೆಯ ಬಾಯಿ ಮುಚ್ಚಿತು.

"ನಿನ್ನೆ ಬೆಳಗಿನ ಜಾವ. ನಾಲ್ಕು ಗಂಟೆ ಹತ್ತು ನಿಮಿಷ. ಬರ್ಕೋ."

ಬೆರಳು ಕೆಳಗಿಳಿಯಿತು. ಈ ಸಲ ಗಾಳಿಯ ಸದ್ದು ಬರಲಿಲ್ಲ. ರೆಪ್ಪೆ ಬಡಿಯುವಷ್ಟರಲ್ಲಿ ಕಟ್ಟೆ ಖಾಲಿ.

ಅಕ್ಕ ಓಡಲಿಲ್ಲ. ಬಂದ ದಾರಿಯಲ್ಲೇ ಆಸ್ಪತ್ರೆಗೆ ನಡೆದಳು. ಕಟ್ಟು ಬಿಚ್ಚಿ ಹಾಳೆ ಎಳೆದಳು. 'ಬದುಕಿದ್ದಾರೆ' ಎಂಬುದನ್ನು ಹೊಡೆದುಹಾಕಿ 'ಮರಣ' ಎಂದು ಬರೆದಳು. ದಿನ ಬರೆದಳು, ಸಮಯ ಬರೆದಳು. ಕೆಳಗಿನ ಸಾಲಿಗೆ ಬಂದಾಗ ಪೆನ್ನು ನಿಂತಿತು. ಅದನ್ನು ಮುಟ್ಟಲಿಲ್ಲ.

ಬೆಳಗಾದ ಕೂಡಲೇ ಅಜ್ಜನ ಮನೆಗೆ ಫೋನ್ ಮಾಡಿದಳು. ಹೆಂಡತಿ ಎತ್ತಿದಳು.

"ಮೊನ್ನೆ ಹೋದ್ರಮ್ಮ. ಎಷ್ಟೊತ್ತಿಗೋ ಏನೋ... ಆರು ಗಂಟೆಗೆ ನಾನು ಎದ್ದು ನೋಡಿದ್ರೆ ಮೈ ತಣ್ಣಗಾಗಿತ್ತು. ಫೋನು ಕೈಯಲ್ಲೇ ಇತ್ತು. ನೀನು ಮಾಡ್ತೀಯ ಅಂತ ದಿನ ಎಣಿಸ್ತಿದ್ರು."

ಅಕ್ಕ ಕಾರಿಡಾರಿನ ಬೆಂಚಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಎರಡು ದಿನ ಮೊದಲೇ ಒಂದು ಫೋನ್ ಮಾಡಿದ್ದರೆ ಯಾವ ನಿಯಮ ಮುರಿದುಬೀಳುತ್ತಿತ್ತು?

ಹಾಳೆ ನೋಡಿ ದೊಡ್ಡ ಡಾಕ್ಟರು ಹುಬ್ಬೇರಿಸಿದರು. "ಸತ್ತವರೇ ಬಂದು ಮಾಹಿತಿ ಕೊಟ್ರೇನಮ್ಮಾ? ನಿದ್ದೆಗಣ್ಣಲ್ಲಿ ಬರೆದ್ಯಾ? ಹೆಂಡತಿ ಅಂತ ತಿದ್ದು."

"ಹೆಂಡತಿಗೆ ಸಮಯ ಗೊತ್ತಿಲ್ಲ ಸರ್," ಅಂದಳಂತೆ ಅಕ್ಕ. "ಇನ್ನೊಂದು ಸುಳ್ಳು ನಾನು ಬರೆಯೋಲ್ಲ."

ನಗುವವರು ನಗಲಿ. ಆ ಹಾಳೆಯನ್ನು ನಾನು ಕಣ್ಣಾರೆ ನೋಡಿದ್ದೇನೆ, ಈಗಲೂ ಕಡತದಲ್ಲಿದೆ. ಮೇಲೆ ಒಂದು ಪದ ಹೊಡೆದುಹಾಕಿದೆ. ಪಕ್ಕದಲ್ಲಿ 'ಮರಣ, ನಾಲ್ಕು ಗಂಟೆ ಹತ್ತು ನಿಮಿಷ' ಎಂದಿದೆ. ಅದರ ಕೆಳಗೆ, ಒಂದು ಗೀಟೂ ಇಲ್ಲದೆ, ಅಕ್ಕನ ದುಂಡು ಅಕ್ಷರದಲ್ಲಿ... ಮಾಹಿತಿ ಕೊಟ್ಟವರು: ಸ್ವತಃ ರೋಗಿ.